ಅಂಗಳದ ಇರುವೆ: ವಿಷವಿಲ್ಲದ ಹತೋಟಿ

ಮನೆಯ ಅಂಗಳ, ಹಿತ್ತಲು, ಕೈತೋಟ ಮತ್ತು ತಾರಸಿಯ ಕುಂಡಗಳಲ್ಲಿ ಇರುವೆಗಳ ಉಪಟಳವನ್ನು ರಾಸಾಯನಿಕ ಕೀಟನಾಶಕಗಳ ಹಂಗಿಲ್ಲದೆ ತಗ್ಗಿಸುವ ಕ್ರಮಗಳೆಲ್ಲ ಇರುವೆಗಳ ಸಹಜ ನಿಯಂತ್ರಣದ ವ್ಯಾಪ್ತಿಗೆ ಬರುತ್ತವೆ. ಬಿಸಿನೀರು, ಬೂದಿ, ಬೇವಿನ ಹಿಂಡಿ, ಮರದ ಬುಡಕ್ಕೆ ಸುತ್ತುವ ಅಂಟುಪಟ್ಟಿ, ಕಪಾಟಿನ ಕಾಲಿಗೆ ಕೊಡುವ ನೀರಿನ ಬಟ್ಟಲು, ಒಂದು ಇರುವೆಯ ವಿರುದ್ಧ ಇನ್ನೊಂದು ಇರುವೆಯ ಕಾವಲು, ಹೀಗೆ ಇದರ ಹರಹು ದೊಡ್ಡದು. ಇವುಗಳಲ್ಲಿ ಕೆಲವು ಸಾವಿರಾರು ವರ್ಷ ಹಳೆಯವು, ಕೆಲವು ಪ್ರಯೋಗಾಲಯದಲ್ಲಿ ಸಾಬೀತಾದವು, ಇನ್ನು ಕೆಲವು ಬಾಯಿಂದ ಬಾಯಿಗೆ ದಾಟಿ ಬಂದ ಬರೀ ನಂಬಿಕೆಗಳು. ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಕಣ್ಣಿಗೆ ಬಿದ್ದ ಇರುವೆಯನ್ನು ಕೊಲ್ಲುವುದರಿಂದ ಹೆಚ್ಚೇನೂ ಆಗುವುದಿಲ್ಲ, ಅದು ಯಾಕೆ ಅಲ್ಲಿಗೆ ಬಂತು ಎಂದು ಹುಡುಕಿ ಆ ಕಾರಣವನ್ನು ತೆಗೆದರೆ ಬಹಳಷ್ಟು ಆಗುತ್ತದೆ.

ಭಾರತದಲ್ಲಿ ಈವರೆಗೆ ಗುರುತಿಸಿರುವ ಇರುವೆ ಪ್ರಭೇದಗಳು ಎಂಟುನೂರಕ್ಕೂ ಹೆಚ್ಚು. ಅಂಗಳದಲ್ಲಿ ಮನುಷ್ಯರಿಗೆ ನಿಜಕ್ಕೂ ತೊಂದರೆ ಕೊಡುವವು ಬೆರಳೆಣಿಕೆಯಷ್ಟು ಮಾತ್ರ. ಆದ್ದರಿಂದ ಹತೋಟಿಯ ಮೊದಲ ಕೆಲಸ ಗುರುತು ಹಿಡಿಯುವುದು.

ಕರ್ನಾಟಕದ ಅಂಗಳಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು ಗೊದ್ದ. ಕೆಲವೆಡೆ ಕಟ್ಟಿರುವೆ ಎಂದೂ ಕರೆಯುವ ಈ ದೊಡ್ಡ ಕರಿ ಇರುವೆಯ ವೈಜ್ಞಾನಿಕ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ಮರದ ಬುಡದಲ್ಲಿ, ಗೋಡೆಯ ಸಂದಿನಲ್ಲಿ ಗೂಡು ಮಾಡಿ ಸಂಜೆ ಹೊತ್ತಿಗೆ ಸಾಲುಗಟ್ಟಿ ಹೊರಡುತ್ತದೆ. ಕೆಣಕಿದರೆ ಕಚ್ಚುತ್ತದೆ, ಆದರೆ ಇದಕ್ಕೆ ಕೊಂಡಿಯಿಲ್ಲ. ಬಿಸಿಲು ಬೀಳುವ ಬಯಲಲ್ಲಿ, ಹುಲ್ಲುಹಾಸಿನಲ್ಲಿ ಸಡಿಲ ಮಣ್ಣನ್ನು ಗುಡ್ಡೆ ಹಾಕಿಕೊಂಡು ಬದುಕುವ ಸಣ್ಣ ಕೆಂಪಿರುವೆಯದು ಬೇರೆಯೇ ಸ್ವಭಾವ. ಸೊಲೆನಾಪ್ಸಿಸ್ ಜೆಮಿನಾಟ ಎಂಬ ಈ ಬೆಂಕಿ ಇರುವೆ ಅಮೆರಿಕ ಖಂಡದ ಮೂಲದ್ದು. ಹದಿನಾರನೆಯ ಶತಮಾನದಲ್ಲಿ ಮೆಕ್ಸಿಕೊದ ಅಕಾಪುಲ್ಕೊ ಮತ್ತು ಫಿಲಿಪ್ಪೀನ್ಸಿನ ಮನಿಲಾ ನಡುವೆ ಓಡಾಡುತ್ತಿದ್ದ ಸ್ಪೇನಿನ ಹಡಗುಗಳಲ್ಲಿ ತುಂಬಿದ ಮಣ್ಣಿನ ಜೊತೆ ಇದು ಏಷ್ಯಾಕ್ಕೆ ಬಂತೆಂದು ವಂಶವಾಹಿ ಅಧ್ಯಯನಗಳು ತೋರಿಸಿವೆ. ಗೂಡಿನ ಮೇಲೆ ಕಾಲಿಟ್ಟವರನ್ನು ಹತ್ತಾರು ಇರುವೆಗಳು ಒಟ್ಟಿಗೆ ಕುಟುಕುತ್ತವೆ. ಮರಗಳ ಮೇಲೆ ಒಂಟಿಯಾಗಿ ಅಲೆಯುವ, ನಡು ಕೆಂಪಾಗಿ ತಲೆ ಮತ್ತು ಹೊಟ್ಟೆ ಕಪ್ಪಾಗಿರುವ ಸಪೂರ ಇರುವೆಯೊಂದಿದೆ, ಹೆಸರು ಟೆಟ್ರಾಪೊನೆರಾ ರೂಫೊನೈಗ್ರಾ. ಇದರ ಕುಟುಕು ಇನ್ನೂ ನೋವಿನದು. ದಿಕ್ಕುದೆಸೆಯಿಲ್ಲದೆ ಅಂಕುಡೊಂಕಾಗಿ ಓಡುವ ಕಪ್ಪು ಹುಚ್ಚಿರುವೆ, ತಲೆ ಮಾತ್ರ ಕಪ್ಪಾಗಿ ಮೈ ಬಹುತೇಕ ಪಾರದರ್ಶಕವಾದ ಪುಟಾಣಿ ಇರುವೆ, ಇವು ಕುಂಡಗಳಿಂದ ಅಡುಗೆಮನೆಗೆ ದಾರಿ ಮಾಡಿಕೊಳ್ಳುವ ಜಾತಿಗಳು.

ಇವುಗಳ ಪಕ್ಕದಲ್ಲೇ ತಾವಾಗಿ ಯಾರ ತಂಟೆಗೂ ಬಾರದ ಇರುವೆಗಳೂ ಇರುತ್ತವೆ. ಡಯಾಕಮ್ಮ ಎಂಬ ಕುಲದ ಕರಿ ಇರುವೆ ತನ್ನ ಗೂಡಿನ ಬಾಯಿಯ ಸುತ್ತ ಹಕ್ಕಿಯ ಪುಕ್ಕ, ಕಡ್ಡಿ, ಸತ್ತ ಇರುವೆಗಳನ್ನು ಜೋಡಿಸಿಡುತ್ತದೆ. ಪುಕ್ಕದ ಮೇಲೆ ಕೂತ ಇಬ್ಬನಿಯನ್ನೇ ಅದು ಕುಡಿಯುತ್ತದೆಂದು ಕೀಟತಜ್ಞ ಮಾರ್ಕ್ ಮೊಫೆಟ್ ಭಾರತದಲ್ಲಿ ಗಮನಿಸಿ 1985ರಲ್ಲಿ ಬರೆದರು. ಇಂಥ ಗೂಡನ್ನು ಬಿಸಿನೀರು ಹೊಯ್ದು ಹಾಳುಮಾಡುವುದು ಅನ್ಯಾಯದ ಕೆಲಸ.

ಇರುವೆಗಳ ಸಂಸಾರ ನಡೆಯುವ ಕ್ರಮ ತಿಳಿಯದೆ ಯಾವ ಉಪಾಯವೂ ಫಲಿಸದು. ಹೊರಗೆ ಓಡಾಡುವುದು ಗೂಡಿನ ಒಂದು ಸಣ್ಣ ಪಾಲು, ಅದೂ ವಯಸ್ಸಾದ ಕೆಲಸಗಾರ ಇರುವೆಗಳು. ರಾಣಿ, ಮೊಟ್ಟೆ, ಮರಿಹುಳು, ಎಳೆಯ ಕೆಲಸಗಾರರೆಲ್ಲ ನೆಲದೊಳಗೆ ಸುರಕ್ಷಿತ. ಸಾಲಿನಲ್ಲಿ ಹೋಗುತ್ತಿದ್ದ ಸಾವಿರ ಇರುವೆ ಸತ್ತರೂ ರಾಣಿ ಕೆಲವೇ ವಾರಗಳಲ್ಲಿ ಆ ಕೊರತೆ ತುಂಬುತ್ತಾಳೆ. ರಾಣಿಯ ಆಯುಷ್ಯವೂ ದೀರ್ಘ. ಯುರೋಪಿನ ಕಪ್ಪು ತೋಟದಿರುವೆಯ ಒಬ್ಬ ರಾಣಿ ಸಾಕಣೆಯಲ್ಲಿ ಇಪ್ಪತ್ತೆಂಟು ವರ್ಷಕ್ಕೂ ಮೀರಿ ಬದುಕಿದ್ದು ದಾಖಲಾಗಿದೆ.

ಎರಡನೆಯ ಸಂಗತಿ ವಾಸನೆಯ ದಾರಿ. ಆಹಾರ ಕಂಡ ಇರುವೆ ಮರಳುವಾಗ ಹೊಟ್ಟೆಯ ತುದಿಯಿಂದ ನೆಲಕ್ಕೆ ವಾಸನೆಯ ಗೆರೆ ಎಳೆಯುತ್ತ ಬರುತ್ತದೆ, ಉಳಿದವು ಅದನ್ನು ಮೂಸಿಕೊಂಡು ಹೊರಡುತ್ತವೆ. ಈ ವಾಸನೆ ಬೆಂಕಿ ಇರುವೆಯ ಹೊಟ್ಟೆಯೊಳಗಿನ ಡುಫೂರ್ ಗ್ರಂಥಿಯಿಂದ ಬರುತ್ತದೆಂದು ಇರುವೆ ತಜ್ಞ ಎಡ್ವರ್ಡ್ ವಿಲ್ಸನ್ 1959ರಲ್ಲಿ ತೋರಿಸಿಕೊಟ್ಟರು. ಮೂರನೆಯದು ಊಟದ ರೀತಿ. ಬೆಳೆದ ಇರುವೆ ಗಟ್ಟಿ ಪದಾರ್ಥ ನುಂಗಲಾರದು. ಬಾಯೊಳಗಿನ ಸೋಸುಚೀಲ ದ್ರವವನ್ನು ಮಾತ್ರ ಒಳಬಿಡುತ್ತದೆ. ಗಟ್ಟಿ ತುಣುಕು ಮರಿಹುಳುಗಳ ಪಾಲಾಗುತ್ತದೆ, ಅವು ಅದನ್ನು ಜೀರ್ಣಿಸುತ್ತವೆ. ಕುಡಿದ ಸಿಹಿಯನ್ನು ಇರುವೆಗಳು ಬಾಯಿಂದ ಬಾಯಿಗೆ ಹಂಚಿಕೊಳ್ಳುವುದರಿಂದ ಒಂದು ತಂದದ್ದು ಗೂಡಿಗೆಲ್ಲ ತಲುಪುತ್ತದೆ.

ರವೆಯ ನಂಬಿಕೆ ಬಿದ್ದುಹೋಗುವುದು ಇಲ್ಲೇ. ಒಣ ರವೆ ತಿಂದ ಇರುವೆಯ ಹೊಟ್ಟೆಯಲ್ಲಿ ಅದು ಉಬ್ಬಿ ಇರುವೆ ಸಾಯುತ್ತದೆ ಎಂಬ ಮಾತು ನಮ್ಮಲ್ಲೂ ಅಮೆರಿಕದಲ್ಲೂ ಚಾಲ್ತಿಯಲ್ಲಿದೆ. ಇರುವೆ ರವೆಯನ್ನು ನುಂಗುವುದೇ ಇಲ್ಲ. ಹೊತ್ತುಕೊಂಡು ಹೋಗಿ ಮರಿಗಳಿಗೆ ಕೊಡುತ್ತದೆ, ಇಲ್ಲವೇ ಕೂಡಿಡುತ್ತದೆ.

ಕೈತೋಟದಲ್ಲಿ ಇರುವೆಯ ಸಾಲು ಗಿಡ ಹತ್ತುತ್ತಿದ್ದರೆ ಅದು ಹೂವಿಗೋ ಹಣ್ಣಿಗೋ ಹೋಗುತ್ತಿದೆ ಎಂದುಕೊಳ್ಳುವವರು ಹೆಚ್ಚು. ಆ ಸಾಲಿನ ಜೊತೆ ಕಣ್ಣು ಓಡಿಸಿದರೆ ದಾಸವಾಳದ ಕುಡಿಯಲ್ಲಿ, ಸೀಬೆಯ ಎಲೆಯಡಿಯಲ್ಲಿ, ಕರಿಬೇವಿನ ಚಿಗುರಲ್ಲಿ ಬೇರೆ ಜೀವಿಗಳು ಸಿಗುತ್ತವೆ: ಬಿಳಿ ಹಿಟ್ಟು ಮೆತ್ತಿದಂಥ ಹಿಟ್ಟು ತಿಗಣೆ, ಗುಂಪುಗುಂಪಾಗಿ ಅಂಟಿಕೊಂಡ ಸಸ್ಯಹೇನು, ಚಿಪ್ಪಿನಂತೆ ಕೂತ ಶಲ್ಕಕೀಟ. ಇವು ಗಿಡದ ರಸ ಹೀರಿ ಹೆಚ್ಚಾದ ಸಕ್ಕರೆಯನ್ನು ಜಿಗುಟು ಹನಿಯಾಗಿ ಹೊರಹಾಕುತ್ತವೆ. ಇರುವೆಗೆ ಬೇಕಾದದ್ದು ಆ ಹನಿ. ಅದಕ್ಕೆ ಪ್ರತಿಯಾಗಿ ಇರುವೆ ಈ ಕೀಟಗಳನ್ನು ಶತ್ರುಗಳಿಂದ ಕಾಯುತ್ತದೆ, ಗುಲಗಂಜಿ ಹುಳುಗಳನ್ನೂ ಪರಾವಲಂಬಿ ಕಣಜಗಳನ್ನೂ ಅಟ್ಟುತ್ತದೆ, ಕೆಲವು ಜಾತಿಗಳು ಕೀಟಗಳನ್ನು ಹೊತ್ತು ಹೊಸ ಚಿಗುರಿಗೆ ಒಯ್ಯುವುದೂ ಉಂಟು. ನೆಲಕ್ಕೆ ಬೀಳದೆ ಉಳಿದ ಸಿಹಿಯ ಮೇಲೆ ಕರಿ ಬೂಷ್ಟು ಬೆಳೆದು ಎಲೆ ಕಾಡಿಗೆ ಬಳಿದಂತಾಗುತ್ತದೆ.

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರು ಈ ಕೂಟವನ್ನು ತಲೆಮಾರುಗಳಿಂದ ಬಲ್ಲರು. ಕಾಫಿ ಗಿಡದ ಹಸಿರು ಶಲ್ಕಕೀಟಕ್ಕೂ ಬೇಸಗೆಯಲ್ಲಿ ಹೆಚ್ಚುವ ಹಿಟ್ಟು ತಿಗಣೆಗೂ ಇರುವೆಯೇ ಬೆಂಗಾವಲು. ಇಂಥ ಕೀಟಗಳನ್ನು ತಿನ್ನಲೆಂದು ಕ್ರಿಪ್ಟೊಲೀಮಸ್ ಎಂಬ ಆಸ್ಟ್ರೇಲಿಯಾದ ಗುಲಗಂಜಿ ಹುಳುವನ್ನು 1898ರಷ್ಟು ಹಿಂದೆಯೇ ದಕ್ಷಿಣ ಭಾರತಕ್ಕೆ ತರಿಸಲಾಯಿತು. ಲೆಪ್ಟೊಮ್ಯಾಸ್ಟಿಕ್ಸ್ ಎಂಬ ಪುಟ್ಟ ಕಣಜ 1983ರಲ್ಲಿ ಬಂತು. ಕ್ರಿಪ್ಟೊಲೀಮಸ್‌ನ ಮರಿಹುಳುವಿನ ಮೈಮೇಲೂ ತಿಗಣೆಯಂಥದೇ ಬಿಳಿ ಮೇಣದ ಎಳೆಗಳಿವೆ, ಆ ವೇಷದಿಂದ ಅದು ಒಂದಿಷ್ಟು ಮಟ್ಟಿಗೆ ಇರುವೆಯ ಕಣ್ಣು ತಪ್ಪಿಸುತ್ತದೆ. ಹಾಗಿದ್ದರೂ ಇರುವೆ ದಟ್ಟವಾಗಿರುವ ಗಿಡದಲ್ಲಿ ಇಂಥ ಮಿತ್ರಕೀಟಗಳ ಕೆಲಸ ಸಾಗುವುದಿಲ್ಲ. ಅದಕ್ಕೇ ತೋಟಗಳಲ್ಲಿ ಇರುವೆಯ ಗೂಡು ತೆಗೆಯುವುದು, ನೆಲಕ್ಕೆ ತಾಗುವ ರೆಂಬೆ ಕತ್ತರಿಸುವುದು ತಿಗಣೆ ಹತೋಟಿಯ ಮೊದಲ ಹೆಜ್ಜೆ.

ಪರಂಗಿ ಗಿಡದ ಕಥೆ ಹತ್ತಿರದ್ದು. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡ ಪರಂಗಿ ಹಿಟ್ಟು ತಿಗಣೆ ಕರ್ನಾಟಕದ ಹಿತ್ತಲುಗಳಿಗೂ ಹರಡಿ ಪರಂಗಿ, ದಾಸವಾಳ, ಹಿಪ್ಪುನೇರಳೆಯನ್ನು ಒಣಗಿಸಿತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯವರು 2010ರಲ್ಲಿ ಪೋರ್ಟೊರಿಕೊದಿಂದ ಅಸಿರೊಫೇಗಸ್ ಪಪಾಯೆ ಎಂಬ ಕಣಜವನ್ನು ತರಿಸಿ ಬಿಟ್ಟರು. ತಿಗಣೆ ಗಮನಾರ್ಹವಾಗಿ ಇಳಿಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಆ ಕಣಜ ಈಗಲೂ ಹಿತ್ತಲುಗಳಲ್ಲಿ ಕೆಲಸ ಮಾಡುತ್ತಿದೆ. ಇರುವೆಗೆಂದು ಗಿಡದ ಮೇಲೆ ಎರಚಿದ ವಿಷ ಮೊದಲು ಕೊಲ್ಲುವುದು ಇಂಥವನ್ನು.

ಸಿಹಿಯ ಮೂಲ ಕಡಿದು ಇರುವೆಯನ್ನು ಮಣಿಸುವ ಒಂದು ದೊಡ್ಡ ಪ್ರಯೋಗ ನಡೆದದ್ದು ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿ. ಹಳದಿ ಹುಚ್ಚಿರುವೆ ಅಲ್ಲಿನ ಪ್ರಸಿದ್ಧ ಕೆಂಪು ಏಡಿಗಳನ್ನು ಲಕ್ಷಗಟ್ಟಲೆ ಕೊಂದು ಕಾಡಿನ ಸ್ವರೂಪವನ್ನೇ ಬದಲಿಸಿತ್ತು. ಇರುವೆಗೆ ಬಲ ಕೊಡುತ್ತಿದ್ದುದು ಮರಗಳ ಮೇಲಿನ ಹಳದಿ ಅರಗು ಕೀಟದ ಸಿಹಿ. 2016ರ ಡಿಸೆಂಬರಿನಲ್ಲಿ ಮಲೇಷ್ಯಾದಿಂದ ಒಂದು ಅತಿ ಸಣ್ಣ ಕಣಜವನ್ನು ತಂದು ಬಿಟ್ಟರು. ಕಣಜಕ್ಕೆ ಇರುವೆಯ ಗೊಡವೆಯೇ ಇಲ್ಲ, ಅದು ಅರಗು ಕೀಟವನ್ನು ಮಾತ್ರ ಹುಡುಕಿ ಅದರೊಳಗೆ ಮೊಟ್ಟೆಯಿಡುತ್ತದೆ. ಇದೇ ಹಳದಿ ಹುಚ್ಚಿರುವೆ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂದಮಲೆ ಕಾಡಂಚಿನ ಹಳ್ಳಿಗಳಲ್ಲಿ 2022ರಲ್ಲಿ ದನಕರುಗಳನ್ನು ಕಾಡಿ ಸುದ್ದಿಯಾಯಿತು.

ಹಿತ್ತಲಿನ ಮಟ್ಟಿಗೆ ಹೇಳುವುದಾದರೆ, ಗಿಡ ಹತ್ತುವ ಇರುವೆಗೆ ಮದ್ದು ಗಿಡದ ತುದಿಯಲ್ಲಿದೆ. ತಿಗಣೆ ಮುತ್ತಿದ ಕುಡಿಯನ್ನು ಚಿವುಟಿ ತೆಗೆಯುವುದು, ಕೊಳವೆಯ ನೀರನ್ನು ಜೋರಾಗಿ ಹಾಯಿಸಿ ಸಸ್ಯಹೇನು ತೊಳೆಯುವುದು, ಸಾಬೂನು ನೀರನ್ನೋ ಬೇವಿನ ಎಣ್ಣೆಯ ತಿಳಿಯಾದ ಮಿಶ್ರಣವನ್ನೋ ಎಲೆಯಡಿಗೆ ಸಿಂಪಡಿಸುವುದು, ಇಷ್ಟರಿಂದ ಸಿಹಿ ನಿಂತರೆ ಸಾಲು ತಾನಾಗಿ ಕರಗುತ್ತದೆ. ಬಿಸಿಲೇರಿದ ಮೇಲೆ ಸಿಂಪಡಿಸಿದರೆ ಎಲೆ ಸುಡುತ್ತದೆ, ಆದ್ದರಿಂದ ಸಂಜೆ ಹೊತ್ತು ಒಳ್ಳೆಯದು. ಸಾರಜನಕದ ಗೊಬ್ಬರ ಅತಿಯಾದರೆ ಎಳೆ ಚಿಗುರು ಸೊಂಪಾಗಿ ಬಂದು ಸಸ್ಯಹೇನನ್ನು ಕರೆಯುತ್ತದೆ ಎಂಬುದನ್ನೂ ತೋಟ ಮಾಡುವವರು ನೆನಪಿಡಬೇಕು.

ದಾರಿ ತಡೆಯುವುದು ಎರಡನೆಯ ಉಪಾಯ. ಹಳೆಯ ಮನೆಗಳಲ್ಲಿ ತಿಂಡಿ ಕಪಾಟಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ನಿಲ್ಲಿಸುತ್ತಿದ್ದರು. ಅದೇ ಉಪಾಯ ಹೊರಗೂ ನಡೆಯುತ್ತದೆ. ಕೊಡಗು, ಉತ್ತರ ಕನ್ನಡದ ಜೇನು ಸಾಕಣೆದಾರರು ಪೆಟ್ಟಿಗೆಯ ಕಂಬಕ್ಕೆ ನೀರಿನ ತೊಟ್ಟಿ ಕೊಡುತ್ತಾರೆ, ಇಲ್ಲದಿದ್ದರೆ ಇರುವೆ ನುಗ್ಗಿ ತುಡುವೆ ಜೇನು ಗೂಡು ಬಿಟ್ಟು ಹಾರಿಹೋಗುತ್ತದೆ. ಎರೆಗೊಬ್ಬರದ ತೊಟ್ಟಿಯ ಸುತ್ತ ಸಣ್ಣ ಕಾಲುವೆ ಮಾಡಿ ನೀರು ನಿಲ್ಲಿಸುವುದೂ ಇದೇ ಕಾರಣಕ್ಕೆ. ಬಟ್ಟಲಿನ ನೀರಿಗೆ ಎರಡು ಹನಿ ಸಾಬೂನು ಬೆರೆಸಿದರೆ ಇರುವೆ ತೇಲಲಾರದು, ವಾರಕ್ಕೊಮ್ಮೆ ನೀರು ಬದಲಿಸಿದರೆ ಸೊಳ್ಳೆಯೂ ಹುಟ್ಟುವುದಿಲ್ಲ.

ಮರಕ್ಕೆ ಅಂಟುಪಟ್ಟಿ ಕಟ್ಟುವಾಗ ಗ್ರೀಸನ್ನು ನೇರವಾಗಿ ತೊಗಟೆಗೆ ಬಳಿಯುವುದು ತಪ್ಪು, ತೊಗಟೆ ಕೆಡುತ್ತದೆ. ಮೊದಲು ದಪ್ಪ ಕಾಗದವನ್ನೋ ಬಟ್ಟೆಯನ್ನೋ ಬಿಗಿಯಾಗಿ ಸುತ್ತಿ ಅದರ ಮೇಲೆ ಗ್ರೀಸು ಇಲ್ಲವೇ ಹರಳೆಣ್ಣೆ ಬೆರೆಸಿದ ಅಂಟು ಹಚ್ಚಬೇಕು. ಒಣ ಎಲೆ, ಧೂಳು ಅಂಟಿದರೆ ಅದೇ ಸೇತುವೆಯಾಗುತ್ತದೆ, ಹೀಗಾಗಿ ಆಗಾಗ ನೋಡುತ್ತಿರಬೇಕು. ಒಂದು ರೆಂಬೆ ಗೋಡೆಗೆ ತಾಗಿದರೂ, ಬಟ್ಟೆ ಒಣಹಾಕುವ ಹಗ್ಗ ಮರಕ್ಕೆ ಕಟ್ಟಿದ್ದರೂ ಪಟ್ಟಿಯ ಶ್ರಮ ವ್ಯರ್ಥ.

ಕುಟುಕುವ ಕೆಂಪಿರುವೆ ಮಕ್ಕಳು ಆಡುವ ಜಾಗದಲ್ಲೇ ಗೂಡು ಮಾಡಿದಾಗ ಗೂಡನ್ನೇ ತೆಗೆಯಬೇಕಾಗುತ್ತದೆ. ಆಗ ಬಿಸಿನೀರಿಗಿಂತ ಸರಳ ಸಾಧನ ಇನ್ನೊಂದಿಲ್ಲ. ಬೆಂಕಿ ಇರುವೆಯ ಕಾಟ ವಿಪರೀತವಾಗಿರುವ ಅಮೆರಿಕದ ಟೆಕ್ಸಾಸ್‌ನಲ್ಲಿ ಕೃಷಿ ವಿಸ್ತರಣಾ ತಜ್ಞರು ಒಂದು ಗುಡ್ಡೆಗೆ ಸುಮಾರು 11 ಲೀಟರ್ ಕುದಿನೀರು ಹೊಯ್ದರೆ ಹತ್ತರಲ್ಲಿ ಆರು ಗೂಡು ನಾಶವಾಗುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಉಳಿದ ನಾಲ್ಕಕ್ಕೆ ಮತ್ತೆ ಹೊಯ್ಯಬೇಕು. ಇಲ್ಲಿ ಹೊತ್ತು ಮುಖ್ಯ. ಮುಂಜಾನೆಯ ಎಳೆಬಿಸಿಲಿಗೆ ಮೊಟ್ಟೆ ಮರಿಗಳನ್ನು ಬೆಚ್ಚಗಿಡಲು ಇರುವೆಗಳು ಅವನ್ನು ಗುಡ್ಡೆಯ ಮೇಲ್ಪದರಕ್ಕೆ ತರುತ್ತವೆ, ರಾಣಿಯೂ ಆಗ ಹತ್ತಿರವಿರಬಹುದು. ನಡು ಮಧ್ಯಾಹ್ನ ಎಲ್ಲರೂ ಆಳಕ್ಕೆ ಇಳಿದಿರುತ್ತಾರೆ, ಹೊಯ್ದ ನೀರು ದಾರಿಯಲ್ಲೇ ತಣಿಯುತ್ತದೆ. ಗಿಡದ ಬೇರಿನ ಹತ್ತಿರ ಕುದಿನೀರು ಹಾಕುವಂತಿಲ್ಲ. ಹೊಯ್ಯುವವರ ಕಾಲು ಸುಡುವ ಅಪಾಯವಂತೂ ಸದಾ ಇದೆ, ತುಂಬಿದ ಹಂಡೆಯನ್ನು ಹೊತ್ತು ನಡೆಯುವುದಕ್ಕಿಂತ ಹಿಡಿಯಿರುವ ಪಾತ್ರೆಯಲ್ಲಿ ಸ್ವಲ್ಪಸ್ವಲ್ಪವೇ ಒಯ್ಯುವುದು ಲೇಸು.

ಗಿಡಗಳ ನಡುವೆ ಗೂಡಿದ್ದರೆ ತಣ್ಣೀರೇ ಸಾಕು, ಬೇಕಾದದ್ದು ತಾಳ್ಮೆ. ದಿನವೂ ಗೂಡು ಕೆದಕಿ ಮಣ್ಣನ್ನು ತೋಯಿಸುತ್ತಿದ್ದರೆ ಬಹಳಷ್ಟು ಜಾತಿಗಳು ಬೇರೆ ಜಾಗಕ್ಕೆ ಗುಳೆ ಹೋಗುತ್ತವೆ. ಕುಂಡದೊಳಗಿನ ಗೂಡಿನ ಕಾರಣ ಸಾಮಾನ್ಯವಾಗಿ ಒಣಮಣ್ಣು. ಇಡೀ ಕುಂಡವನ್ನು ಅರ್ಧ ಗಂಟೆ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿಟ್ಟರೆ ಇರುವೆಗಳು ಮೊಟ್ಟೆ ಹೊತ್ತು ಮೇಲೆ ಬರುತ್ತವೆ, ಒಂದು ಕಡ್ಡಿ ಇಟ್ಟು ದಾರಿ ಮಾಡಿದರೆ ಕುಂಡ ಬಿಟ್ಟು ಹೋಗುತ್ತವೆ.

ಬೆಲ್ಲ ಸಕ್ಕರೆಯ ಆಮಿಷದಲ್ಲಿ ಮದ್ದು ಬೆರೆಸಿಡುವುದು ರಾಣಿಯನ್ನು ತಲುಪುವ ಹೆಚ್ಚು ಖಚಿತ ದಾರಿ. ಔಷಧಿ ಅಂಗಡಿಯಲ್ಲಿ ಸಿಗುವ ಬೋರಿಕ್ ಪುಡಿ ಇದಕ್ಕೆ ಬಳಕೆಯಲ್ಲಿದೆ. ಖನಿಜ ಮೂಲದ್ದಾದರೂ ಇದು ವಿಷವೇ, ಸಾವಯವ ಎಂಬ ಮಾತಿಗೆ ಮರುಳಾಗಬಾರದು. ನೂರು ಮಿಲಿಲೀಟರ್ ನೀರಿಗೆ ಹತ್ತು ಗ್ರಾಂ ಸಕ್ಕರೆ, ಒಂದೇ ಗ್ರಾಂ ಬೋರಿಕ್ ಪುಡಿ. ಅಮೆರಿಕದ ಕೀಟತಜ್ಞರ ಪ್ರಯೋಗಗಳಲ್ಲಿ ಫಲ ಕೊಟ್ಟ ಪ್ರಮಾಣ ಇದು. ಪುಡಿ ಹೆಚ್ಚಾದಷ್ಟೂ ಒಳ್ಳೆಯದೆಂದು ಸುರಿದರೆ ಕೆಲಸ ಕೆಡುತ್ತದೆ: ತಂದ ಇರುವೆ ದಾರಿಯಲ್ಲೇ ಸತ್ತು ಹಂಚಿಕೆ ನಿಲ್ಲುತ್ತದೆ, ಇಲ್ಲವೇ ರುಚಿ ಕೆಟ್ಟು ಮುಟ್ಟುವುದೇ ಇಲ್ಲ. ಹತ್ತಿಯುಂಡೆಯನ್ನು ಈ ದ್ರವದಲ್ಲಿ ಅದ್ದಿ, ಸಣ್ಣ ತೂತಿರುವ ಮುಚ್ಚಿದ ಡಬ್ಬಿಯಲ್ಲಿಟ್ಟು ಸಾಲಿನ ಪಕ್ಕ ಇಡಬೇಕು. ಮೊದಲ ಎರಡು ಮೂರು ದಿನ ಇರುವೆ ಹೆಚ್ಚಾದಂತೆ ಕಾಣುತ್ತದೆ, ಆಗ ಗಾಬರಿಗೊಂಡು ಅವನ್ನು ಒರೆಸಬಾರದು. ಪರಿಣಾಮ ಕಾಣಲು ವಾರಗಳು ಹಿಡಿಯುತ್ತವೆ. ಡಬ್ಬಿ ಮಕ್ಕಳ ಕೈಗೂ ನಾಯಿ ಬೆಕ್ಕಿನ ಬಾಯಿಗೂ ಸಿಗಕೂಡದು. ಬೋರಾನ್ ಹೆಚ್ಚಾದರೆ ಗಿಡವೂ ಸುಡುವುದರಿಂದ ಮಣ್ಣಿಗೆ ಚೆಲ್ಲಕೂಡದು. ಎಣ್ಣೆ, ಪ್ರೋಟೀನು ಇಷ್ಟಪಡುವ ಜಾತಿಗಳಿಗೆ ಸಿಹಿ ರುಚಿಸದು, ಅವಕ್ಕೆ ಶೇಂಗಾ ಪುಡಿಯ ಆಮಿಷ ಒಡ್ಡಿ ಮೊದಲು ಪರೀಕ್ಷಿಸಬೇಕು.

ಒಂದೇ ಗೂಡಿನಲ್ಲಿ ಹಲವು ರಾಣಿಯರಿರುವ ಪುಟಾಣಿ ಇರುವೆಗಳಿಗೆ ಈ ನಿಧಾನದ ದಾರಿಯೇ ಸರಿ. ಘಾಟಿನ ಸ್ಪ್ರೇ ಹೊಡೆದಾಗ ಅವು ಹೆದರಿ ಒಬ್ಬೊಬ್ಬ ರಾಣಿಯ ಜೊತೆ ಒಂದೊಂದು ಗುಂಪಾಗಿ ಒಡೆದು ಬೇರೆಬೇರೆ ಕಡೆ ಗೂಡು ಹೂಡುತ್ತವೆ. ಒಂದು ಸಮಸ್ಯೆ ನಾಲ್ಕಾಗುವುದು ಹೀಗೆ.

ಪುಡಿ ಮತ್ತು ವಾಸನೆಗಳ ಸರದಿ ಇನ್ನು. ಅರಿಶಿನ, ದಾಲ್ಚಿನ್ನಿ, ಲವಂಗ, ಕರ್ಪೂರ, ಮೆಣಸಿನ ಪುಡಿ, ನಿಂಬೆಸಿಪ್ಪೆ, ವಿನೆಗರ್ ಮುಂತಾದವನ್ನು ಎಲ್ಲ ಮನೆಗಳಲ್ಲೂ ಯಾರಾದರೊಬ್ಬರು ಬಳಸಿರುತ್ತಾರೆ. ಇವು ವಾಸನೆಯ ಗೆರೆಯನ್ನು ಅಳಿಸುತ್ತವೆ ಇಲ್ಲವೇ ಮುಚ್ಚಿಹಾಕುತ್ತವೆ, ಹೊಸಿಲು ಕಿಟಕಿಗಳಲ್ಲಿ ಒಂದೆರಡು ದಿನ ಕೆಲಸ ಮಾಡುತ್ತವೆ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಮೈಗೆ ತಾಗಿದ ಇರುವೆಯನ್ನು ಕೊಲ್ಲುವಷ್ಟು ಬಲವುಳ್ಳದ್ದು. ಬಯಲ ಗಾಳಿ, ಬಿಸಿಲು, ಮಳೆಯಲ್ಲಿ ಇವುಗಳಿಂದ ಶಾಶ್ವತ ಪರಿಹಾರ ನಿರೀಕ್ಷಿಸುವಂತಿಲ್ಲ.

ಬೂದಿ ಹೆಚ್ಚು ವಿಶ್ವಾಸಾರ್ಹ. ಒಣ ಬೂದಿಯ ಸಣ್ಣ ಕಣಗಳ ಮೇಲೆ ಇರುವೆಗೆ ಕಾಲು ನಿಲ್ಲುವುದಿಲ್ಲ. ಪ್ರಾಚೀನ ಸೂಕ್ಷ್ಮ ಪಾಚಿಗಳ ಗಾಜಿನಂಥ ಚಿಪ್ಪುಗಳಿಂದಾದ ಡಯಾಟಮ್ ಮಣ್ಣು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇರುವೆಯ ಮೈಮೇಲಿನ ಮೇಣದ ಪದರವನ್ನು ಹೀರಿ, ಗೀರಿ, ಒಳಗಿನ ತೇವ ಆರಿಸಿ ಕೊಲ್ಲುತ್ತದೆ. ಎರಡಕ್ಕೂ ಒಂದೇ ಮಿತಿ: ತೋಯ್ದರೆ ಪ್ರಯೋಜನವಿಲ್ಲ. ಡಯಾಟಮ್ ಪುಡಿ ಉಸಿರಿಗೆ ಒಳ್ಳೆಯದಲ್ಲ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಉದುರಿಸಬೇಕು. ಬೂದಿ ಕ್ಷಾರ ಗುಣದ್ದಾದ್ದರಿಂದ ಒಂದೇ ಗಿಡದ ಬುಡಕ್ಕೆ ಮತ್ತೆ ಮತ್ತೆ ಸುರಿದರೆ ಮಣ್ಣು ಕೆಡುತ್ತದೆ. ಬೇವಿನ ಹಿಂಡಿ, ಹೊಂಗೆ ಹಿಂಡಿಗಳು ಇರುವೆಯನ್ನು ಕೊಲ್ಲುವುದಿಲ್ಲ, ಪಾತಿಯಲ್ಲಿ ಅವನ್ನು ನೆಲೆಯೂರದಂತೆ ಅಟ್ಟುತ್ತವೆ, ಗೊಬ್ಬರವೂ ಆಗುತ್ತವೆ. ಉಪ್ಪು ಸುರಿಯುವುದು, ಪೆಟ್ರೋಲ್ ಹೊಯ್ದು ಬೆಂಕಿ ಕೊಡುವುದು ಮಣ್ಣಿಗೂ ಮನುಷ್ಯರಿಗೂ ಹಾನಿಕರವಾದ ದಾರಿಗಳು.

ಅಂಗಡಿಗಳಲ್ಲಿ ಸಿಗುವ ಇರುವೆ ಸೀಮೆಸುಣ್ಣವನ್ನು ಸಹಜ ಉಪಾಯವೆಂದು ನಂಬಿದವರು ಅನೇಕರು. ಬಿಳಿ ಬಣ್ಣ ನೋಡಿ ಮೋಸಹೋಗಬಾರದು. ಅದರಲ್ಲಿರುವುದು ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯ ರಾಸಾಯನಿಕ ಕೀಟನಾಶಕ. ಮಕ್ಕಳು ಬರೆಯುವ ಬಳಪವೆಂದೇ ಬಾಯಿಗಿಡುವ ಅಪಾಯ ಅದರದ್ದು. ಹಿಂದೆ ಇರುವೆ ಪುಡಿ ಎಂದರೆ ರಾಸಾಯನಿಕ ಕೀಟನಾಶಕವಾದ ಬಿಎಚ್‌ಸಿ. ಅದನ್ನು ಭಾರತ 1997ರಲ್ಲಿ ನಿಷೇಧಿಸಿತು.

ಬೀಜ ಬಿತ್ತಿದ ಪಾತಿಯ ಸಂಕಟ ಬೇರೆ. ಹರಿವೆ, ರಾಗಿ, ಟೊಮೆಟೊ ಬೀಜಗಳನ್ನು ಮೊಳೆಯುವ ಮುಂಚೆಯೇ ಇರುವೆಗಳು ಹೊತ್ತೊಯ್ಯುತ್ತವೆ. ಬಯಲುಸೀಮೆಯ ಹೊಲದ ಬದುಗಳಲ್ಲಿ ಗೂಡಿನ ಬಾಯಿಯ ಸುತ್ತ ಹೊಟ್ಟಿನ ಉಂಗುರ ಕಂಡರೆ ಅದು ಕಾಳು ಕೂಡಿಡುವ ಇರುವೆಯ ಮನೆ. ಹರಿವೆ ಬೀಜಕ್ಕೆ ಬೂದಿ ಬೆರೆಸಿ ಚೆಲ್ಲುವ ಪದ್ಧತಿ ಇದಕ್ಕೇ ಬಂದದ್ದು, ಸಣ್ಣ ಬೀಜ ಸಮನಾಗಿ ಬೀಳಲೂ ಅದರಿಂದ ಅನುಕೂಲ. ಪಾತಿಯ ಹೊರ ಅಂಚಿಗೆ ನುಚ್ಚನ್ನೋ ಅಕ್ಕಿಹಿಟ್ಟನ್ನೋ ಎರಚಿ ಮೊಳಕೆ ಬರುವ ನಾಲ್ಕೈದು ದಿನ ಇರುವೆಯ ಗಮನವನ್ನು ಆ ಕಡೆ ಸೆಳೆಯುವವರೂ ಇದ್ದಾರೆ. ಹೊಸಿಲಿನ ಹೊರಗೆ ಅಕ್ಕಿಹಿಟ್ಟಿನ ರಂಗೋಲಿಯಿಟ್ಟರೆ ಇರುವೆಗೆ ಅನ್ನ ಹಾಕಿದಂತೆ ಎಂದು ನಂಬಿದ ನಾಡಿನಲ್ಲಿ ಇದು ಸಹಜವಾಗಿ ಹೊಳೆದ ಉಪಾಯ. ಕಲ್ಲುಪುಡಿಯ ರಂಗೋಲಿಯಿಂದ ಇರುವೆಗೆ ಏನೂ ಸಿಗುವುದಿಲ್ಲ.

ವಿಷದ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳಿವೆ. 1930ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ಅಲಬಾಮಾದ ಮೊಬೈಲ್ ಬಂದರಿಗೆ ಬಂದಿಳಿದ ಮತ್ತೊಂದು ಬೆಂಕಿ ಇರುವೆಯನ್ನು ಅಳಿಸಿಹಾಕಲು ಅಮೆರಿಕ ಸರ್ಕಾರ 1957ರಿಂದ ವಿಮಾನಗಳಲ್ಲಿ ಡೀಲ್ಡ್ರಿನ್, ಹೆಪ್ಟಾಕ್ಲೋರ್ ಸುರಿಯಿತು. ಹಕ್ಕಿಗಳು, ಕಾಡುಪ್ರಾಣಿಗಳು ಸತ್ತವು. 1962ರ ಸೈಲೆಂಟ್ ಸ್ಪ್ರಿಂಗ್ ಪುಸ್ತಕದಲ್ಲಿ ರೇಚಲ್ ಕಾರ್ಸನ್ ಈ ಕಾರ್ಯಕ್ರಮವನ್ನು ಕಟುವಾಗಿ ಟೀಕಿಸಿದರು. ಸ್ಥಳೀಯ ಇರುವೆಗಳೂ ವಿಷಕ್ಕೆ ಬಲಿಯಾಗಿ ಖಾಲಿಯಾದ ನೆಲವನ್ನು ಮೊದಲು ತುಂಬಿದ್ದು ಬೆಂಕಿ ಇರುವೆಯೇ. ಅದು ಇಂದಿಗೂ ಅಲ್ಲಿದೆ. ಆಮೇಲೆ 1990ರ ದಶಕದ ಕೊನೆಯಲ್ಲಿ ಆ ಇರುವೆಯ ತವರಿನಿಂದ ಸೂಡಾಕ್ಟಿಯಾನ್ ಎಂಬ ಸಣ್ಣ ನೊಣಗಳನ್ನು ತಂದು ಬಿಡತೊಡಗಿದರು. ನೊಣದ ಮರಿಹುಳು ಇರುವೆಯ ತಲೆಯೊಳಗೆ ಬೆಳೆದು ಕೊನೆಗೆ ತಲೆಯನ್ನೇ ಕಳಚುತ್ತದೆ.

ಎರಡನೆಯದು ನಮ್ಮ ಕರಾವಳಿಯದು. ಕಾಸರಗೋಡಿನ ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳಲ್ಲಿ ಟೀ ಸೊಳ್ಳೆ ಎಂಬ ತಿಗಣೆಯನ್ನು ಕೊಲ್ಲಲು ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಹಳ್ಳಿಗಳಲ್ಲಿ ಅಂಗವೈಕಲ್ಯ, ಕಾಯಿಲೆಗಳ ಸರಣಿ ಬಯಲಾಯಿತು. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ತಡೆಯಿತು. ಆ ಗೇರು ಮರಗಳ ಮೇಲೆ ಟೀ ಸೊಳ್ಳೆಯ ಬೇಟೆಗಾರ ಮೊದಲಿನಿಂದಲೂ ಇತ್ತು. ಅದೇ ಚಗಳಿ, ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪು ಮರದಿರುವೆ.

ಚಗಳಿಯ ಕೆಲಸಗಾರರು ಸಾಲಾಗಿ ನಿಂತು ಎರಡು ಎಲೆಯಂಚನ್ನು ಹತ್ತಿರಕ್ಕೆ ಎಳೆದು ಹಿಡಿಯುತ್ತಾರೆ, ಇನ್ನು ಕೆಲವರು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಅತ್ತಿಂದಿತ್ತ ಆಡಿಸಿ ಅವು ಸ್ರವಿಸುವ ರೇಷ್ಮೆಯಿಂದ ಎಲೆ ಬೆಸೆಯುತ್ತಾರೆ. ಮಲೆನಾಡಿನಲ್ಲಿ ಇದರ ಗೂಡು ಇಳಿಸಿ ಚಗಳಿ ಚಟ್ನಿ ಮಾಡುತ್ತಾರೆ. ಒಡಿಶಾದ ಸಿಮಿಲಿಪಾಲದ ಇದೇ ಇರುವೆಯ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಬಂತು. ಬೆಳೆ ಕಾಯುವ ಇದರ ಚಾಕರಿಯಂತೂ ಬಹು ಹಳೆಯದು. ಕ್ರಿ.ಶ. 304ರ ಕಾಲದ್ದೆನ್ನುವ ಚೀನಾದ ಸಸ್ಯಗ್ರಂಥವೊಂದರಲ್ಲಿ ಈ ಇರುವೆಯ ಗೂಡುಗಳನ್ನು ಚೀಲಗಳಲ್ಲಿ ಸಂತೆಗೆ ತಂದು ಮಾರುತ್ತಿದ್ದರೆಂದೂ ಕಿತ್ತಳೆ ಬೆಳೆಗಾರರು ಕೊಳ್ಳುತ್ತಿದ್ದರೆಂದೂ ಬರೆದಿದೆ. ಕೀಟದಿಂದ ಕೀಟ ಹತೋಟಿಯ ಅತಿ ಹಳೆಯ ದಾಖಲೆ ಅದು. ಮರದಿಂದ ಮರಕ್ಕೆ ಬಿದಿರಿನ ಸೇತುವೆ ಕಟ್ಟಿ ಇರುವೆಗೆ ದಾರಿ ಮಾಡಿಕೊಡುವ ರೂಢಿಯೂ ಅಲ್ಲಿ ಬೆಳೆಯಿತು. ಆಸ್ಟ್ರೇಲಿಯಾದ ಉತ್ತರ ಭಾಗದ ಗೇರು ತೋಟಗಳಲ್ಲಿ ವಿಜ್ಞಾನಿ ರೆನ್‌ಕಾಂಗ್ ಪೆಂಗ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ಚಗಳಿ ನೆಲೆಸಿದ ಮರಗಳಿಗೆ ಕೀಟಬಾಧೆ ಕಡಿಮೆಯಾದದ್ದು ಕಂಡುಬಂತು.

ಹಿತ್ತಲ ಮಾವು, ಚಿಕ್ಕು, ಗೇರಿನ ಮೇಲೆ ಚಗಳಿ ಕಂಡಾಗ ಕೂಡಲೇ ಗೂಡಿಗೆ ಬೆಂಕಿ ಹಚ್ಚುವವರು ಈ ಲಾಭವನ್ನೂ ಸುಟ್ಟುಕೊಳ್ಳುತ್ತಾರೆ. ಇದಕ್ಕೂ ದೋಷವಿದೆ, ಶಲ್ಕಕೀಟಗಳನ್ನು ಸಾಕುತ್ತದೆ, ಹಣ್ಣು ಕೊಯ್ಯುವವರನ್ನು ಕಚ್ಚಿ ಹುಳಿ ಎರಚುತ್ತದೆ. ಕೈಕಾಲಿಗೆ ಬೂದಿ ಸವರಿಕೊಂಡು ಮರ ಹತ್ತುವುದು ಅದಕ್ಕಿರುವ ಹಳೆಯ ಪರಿಹಾರ. ಓಡಾಟದ ದಾರಿಗೆ ಬಾಗಿದ ರೆಂಬೆಯ ಗೂಡನ್ನು ಮಾತ್ರ ತೆಗೆದು ಮೇಲಿನವನ್ನು ಬಿಡಬಹುದು.

ಇರುವೆಗೆ ಇರುವೆಯಷ್ಟೇ ಅಲ್ಲದೆ ಬೇರೆ ಶತ್ರುಗಳೂ ಇವೆ. ಸೂರಿನಡಿಯ ಸಡಿಲ ಮಣ್ಣಿನಲ್ಲಿ ಆಲಿಕೆಯಾಕಾರದ ಕುಳಿ ತೋಡಿ ತಳದಲ್ಲಿ ಅಡಗಿ ಕೂರುವ ಹುಳು ಜಾರಿಬಿದ್ದ ಇರುವೆಯನ್ನು ಹೀರುತ್ತದೆ. ಪಶ್ಚಿಮ ಘಟ್ಟದ ಕಂದು ಮರಕುಟಿಗ ಮರದ ಮೇಲಿನ ಕ್ರೆಮಟೊಗ್ಯಾಸ್ಟರ್ ಇರುವೆಗಳ ಗೂಡನ್ನೇ ಕೊರೆದು ಅದರೊಳಗೆ ತನ್ನ ಮೊಟ್ಟೆಯಿಡುತ್ತದೆ, ಅದೇ ಇರುವೆಗಳನ್ನು ತಿನ್ನುತ್ತದೆ. ಚಿಪ್ಪುಹಂದಿಯ ಮುಖ್ಯ ಆಹಾರವೇ ಇರುವೆ ಮತ್ತು ಗೆದ್ದಲು, ಆದರೆ ಚಿಪ್ಪಿಗಾಗಿ ನಡೆಯುವ ಕಳ್ಳಬೇಟೆಯಿಂದ ಅದು ಊರಂಚಿನಿಂದ ಮರೆಯಾಗುತ್ತಿದೆ. ಅಂಗಳದಲ್ಲಿ ಹಲ್ಲಿ, ಕಪ್ಪೆ, ಜೇಡಗಳಿಗೆ ಎಡೆಯಿದ್ದರೆ ಇರುವೆಯ ಸಂಖ್ಯೆ ಒಂದು ಅಂಕೆಯಲ್ಲಿರುತ್ತದೆ.

ಕುಟುಕಿದಾಗ ಆ ಜಾಗವನ್ನು ಸಾಬೂನು ನೀರಿನಿಂದ ತೊಳೆದು ತಣ್ಣನೆಯ ಬಟ್ಟೆ ಒತ್ತಿದರೆ ಸಾಮಾನ್ಯವಾಗಿ ಸಾಕು. ಬೊಕ್ಕೆ ಎದ್ದರೆ ಒಡೆಯಬಾರದು. ಮುಖ, ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ, ಮೈಯೆಲ್ಲ ದದ್ದು ಎದ್ದರೆ ಅದು ತೀವ್ರ ಅಲರ್ಜಿ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಬೇಕು.

ವರ್ಷದಲ್ಲಿ ಎರಡು ಹೊತ್ತು ಅಂಗಳದ ಇರುವೆ ಮನೆಯೊಳಗೆ ಬರುವುದು ಹೆಚ್ಚು: ನೀರು ಹುಡುಕುವ ಕಡುಬೇಸಗೆ ಮತ್ತು ಗೂಡಿಗೆ ನೀರು ನುಗ್ಗುವ ಮುಂಗಾರಿನ ಮೊದಲ ವಾರಗಳು. ಗೋಡೆಯ ಬಿರುಕಿಗೆ ಸಿಮೆಂಟು ತುಂಬುವುದು, ಗೋಡೆಗೆ ತಾಗಿದ ಕೊಂಬೆ ಕಡಿಯುವುದು, ಗೋಡೆಗೆ ಒತ್ತಿಕೊಂಡಿರುವ ಕಟ್ಟಿಗೆ, ಇಟ್ಟಿಗೆಯ ರಾಶಿ ದೂರ ಸರಿಸುವುದು ಯುಗಾದಿಯ ಆಸುಪಾಸಿನಲ್ಲೇ ಮುಗಿದಿರಬೇಕು. ಮಳೆ ಹಿಡಿದ ಮೇಲೆ ಬೂದಿ ನಿಲ್ಲುವುದಿಲ್ಲ, ಅಂಟುಪಟ್ಟಿ ಕಿತ್ತುಬರುತ್ತದೆ, ಸಕ್ಕರೆಯ ಆಮಿಷ ತೆಳುವಾಗುತ್ತದೆ. ಇದೇ ಹೊತ್ತಿನಲ್ಲಿ ರೆಕ್ಕೆ ಬಂದ ಹೊಸ ರಾಣಿಯರು ಹಾರಾಟಕ್ಕೆ ಹೊರಟು, ಇಳಿದಲ್ಲಿ ರೆಕ್ಕೆ ಕಳಚಿ ಮಣ್ಣಿಗಿಳಿಯುತ್ತಾರೆ. ಅವರಲ್ಲಿ ಬಹುಪಾಲು ಹಕ್ಕಿ, ಕಪ್ಪೆ, ಜೇಡಗಳ ಪಾಲಾಗುತ್ತಾರೆ. ಸ್ಥಳೀಯ ಇರುವೆಗಳು ತುಂಬಿರುವ ಅಂಗಳದಲ್ಲಿ ಉಳಿದವರಿಗೂ ನೆಲೆ ಸಿಗುವುದು ಕಷ್ಟ, ತಮ್ಮ ಗಡಿಯೊಳಗೆ ಇಳಿದ ಪರರಾಣಿಯನ್ನು ಅಲ್ಲಿನ ಕೆಲಸಗಾರರು ಹಿಡಿದು ಕೊಲ್ಲುತ್ತಾರೆ. ವಿಷ ಬಿದ್ದು ಬರಿದಾದ ಅಂಗಳದಲ್ಲಿ ಆ ಕಾವಲು ಇರುವುದಿಲ್ಲ.